ಮೂರು ಮನೆಗಳ ಕಾರ್ಡು

ಬ್ಯಾಂಕಿನವರೆಂದು ಹೇಳಿಕೊಂಡು ಯಾರೋ ಫೋನ್ ಮಾಡಿ, "ಮೇಡಂ, ನಿಮಗೊಂದು ಕ್ರೆಡಿಟ್ ಕಾರ್ಡ್ ಕೊಡ್ತೀವಿ, ಏನೂ ಖರ್ಚಿಲ್ಲ" ಎಂದಾಗಲೆಲ್ಲ ನನಗೆ ನಗು ಬರುತ್ತದೆ. ತಮ್ಮಾ, ನೀನು ಹುಟ್ಟುವ ಮೊದಲೇ ನನ್ನ ಹತ್ತಿರ ಕಾರ್ಡು ಇತ್ತು, ಅದೂ ಒಂದಲ್ಲ ನಾಲ್ಕು, ಎಂದು ಹೇಳಿಬಿಡಬೇಕು ಅನಿಸುತ್ತದೆ. ಹೇಳುವುದಿಲ್ಲ. "ಬ್ಯಾಡಪ್ಪಾ" ಎಂದು ಫೋನ್ ಇಡುತ್ತೇನೆ. ಆಮೇಲೆ ಅರ್ಧ ದಿನ ಕೊಪ್ಪಳದ ಆ ಓಣಿ ತಲೆಯೊಳಗೆ ಓಡಾಡುತ್ತಿರುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಯಲಬುರ್ಗಾದಿಂದ ಮದುವೆಯಾಗಿ ಕೊಪ್ಪಳಕ್ಕೆ ಬಂದು ಮೂರು ವರ್ಷವಾಗಿತ್ತು. ನಮ್ಮ ಮನೆಯವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಇದ್ದದ್ದು ಮೂರೇ ಜನ: ಅವರು, ಅವರ ತಾಯಿ, ನಾನು. ಕೋಟೆ ಗುಡ್ಡದ ಕೆಳಗಿನ ಓಣಿಯಲ್ಲಿ ಒಂದು ಬಾಡಿಗೆ ಮನೆ. ಅಲ್ಲಿದ್ದ ಹತ್ತು ಹನ್ನೆರಡು ಸಂಸಾರಗಳೂ ಹೆಚ್ಚುಕಡಿಮೆ ತಿಂಗಳ ಸಂಬಳದವೇ. ಒಂದನೇ ತಾರೀಖು ಓಣಿಯ ತುಂಬ ಒಗ್ಗರಣೆಯ ವಾಸನೆ. ಇಪ್ಪತ್ತೈದು ದಾಟಿತೆಂದರೆ ಎಲ್ಲರ ಮನೆಯಲ್ಲೂ ನುಚ್ಚು, ಮಜ್ಜಿಗೆ.

ಎರಡರಿಂದ ಐದನೇ ತಾರೀಖಿನೊಳಗೆ ಯಾವುದೋ ಒಂದು ದಿನ, ಮಧ್ಯಾಹ್ನದ ಊಟ ಮುಗಿದು ಹೆಂಗಸರು ಕಟ್ಟೆಗೆ ಬರುವ ಹೊತ್ತಿಗೆ, ಓಣಿಯ ತುದಿಯಲ್ಲಿ ಸೈಕಲ್ ಗಂಟೆ ಕೇಳಿಸುತ್ತಿತ್ತು. ಸೀರೆ ಮಾರುವ ಕಾಕಾ ಬಂದರು ಎಂದು ಅರ್ಥ. ಗಂಗಾವತಿಯ ಸಾಬರು; ವಯಸ್ಸು ಐವತ್ತರ ಮೇಲೆ. ಬಸ್ಸಿನ ಮೇಲೆ ಸೈಕಲ್ಲನ್ನೂ ಸೀರೆಯ ಗಂಟನ್ನೂ ಏರಿಸಿಕೊಂಡು ಬಂದು, ಸ್ಟ್ಯಾಂಡಿನಲ್ಲಿ ಇಳಿಸಿ, ಅಲ್ಲಿಂದ ತುಳಿದುಕೊಂಡು ಬರುತ್ತಿದ್ದರು. ಗಂಟು ಬಿಚ್ಚುತ್ತಿದ್ದದ್ದು ಯಾವಾಗಲೂ ನಮ್ಮ ಕಟ್ಟೆಯ ಮೇಲೆ. ಯಾಕೆಂದರೆ ನಮ್ಮದು ಓಣಿಯ ನಟ್ಟನಡುವಿನ ಮನೆ, ಮತ್ತು ನಮ್ಮ ಅತ್ತೆ ಅವರಿಗೆ ಕೇಳದೆಯೇ ಚಹಾ ಕೊಡುತ್ತಿದ್ದರು.

ಆ ಗಂಟು ಬಿಚ್ಚುವ ಹೊತ್ತಿನ ಸುಖ ನನಗೆ ಮುಂದೆ ಯಾವ ದೊಡ್ಡ ಅಂಗಡಿಯಲ್ಲೂ ಸಿಗಲಿಲ್ಲ. ಗಂಜಿಯ ಹೊಸ ವಾಸನೆ ಗಪ್ಪನೆ ಬರುತ್ತಿತ್ತು. ಮೇಲೆ ಗಿರಣಿ ಸೀರೆಗಳು, ನಡುವೆ ಚಾದರ, ಎಲ್ಲಕ್ಕಿಂತ ಕೆಳಗೆ ಹಳೆಯ ಪಂಚೆಯಲ್ಲಿ ಸುತ್ತಿದ ಇಳಕಲ್ ಸೀರೆ. ಅವನ್ನು ಕಾಕಾ ಕುಷ್ಟಗಿ ಕಡೆಯ ಮಗ್ಗದವರಿಂದ ತರುತ್ತಿದ್ದರು. ಕೊಳ್ಳುವವರು ಒಬ್ಬಿಬ್ಬರು, ನೋಡುವವರು ಹತ್ತು ಜನ. ಅತ್ತೆ ಎಲೆ ಅಡಿಕೆ ಹಾಕಿಕೊಂಡು ಗೋಡೆಗೆ ಒರಗಿ ಒಂದೊಂದು ಸೀರೆಗೂ ಹೆಸರಿಡುತ್ತಿದ್ದರು. "ಇದೇನ್ ಬಣ್ಣರಿ ಕಾಕಾ, ಹಳಸಿದ ಸಾರಿನಂಗೈತಿ." ಕಾಕಾ ನಗುತ್ತಿದ್ದರು. "ಅವ್ವಾರು ಛಲೋ ಅಂದದ್ದು ನಾ ಇನ್ನೂ ಕೇಳಿಲ್ಲ ನೋಡ್ರಿ."

ಕೈಯಲ್ಲಿ ದುಡ್ಡಿಲ್ಲದವರಿಗೆ ಕಾಕಾ ಕಾರ್ಡು ಕೊಡುತ್ತಿದ್ದರು. ಅಂಗೈಯಷ್ಟು ಅಗಲದ ಹಳದಿ ರಟ್ಟು, ಅದರ ಮೇಲೆ ಹತ್ತು ಚೌಕ. ತಿಂಗಳ ಕಂತು ಕೊಟ್ಟರೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಒಂದು ಚೌಕಕ್ಕೆ ಅಡ್ಡಗೆರೆ ಎಳೆಯುತ್ತಿದ್ದರು. ಹೆಂಗಸರ ಹೆಸರನ್ನು ಅವರು ಕೇಳುತ್ತಿರಲಿಲ್ಲ, ನಾವೂ ಹೇಳುತ್ತಿರಲಿಲ್ಲ. ಹೆಸರಿನ ಜಾಗದಲ್ಲಿ ಉರ್ದುವಿನಲ್ಲಿ ಏನೋ ಗೀಚಿ, ಪಕ್ಕದಲ್ಲಿ ಮನೆಯ ಗುರುತಿನ ಚಿತ್ರ ಬರೆಯುತ್ತಿದ್ದರು. ಹಿತ್ತಲಲ್ಲಿ ಬಾವಿ ಇದ್ದ ಮನೆಗೆ ಬಾವಿ, ಬಾಗಿಲಿಗೆ ಕಂದೀಲು ತೂಗುಹಾಕುವ ಮನೆಗೆ ಕಂದೀಲು, ಹುಣಸೆಮರದ ಮನೆಗೆ ಮರ. ನಮ್ಮ ಅತ್ತೆ ಹಳೆಯ ಸೀರೆಗಳನ್ನು ಸೇರಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದರಿಂದ ನಮ್ಮ ಮನೆಗೆ ಸೂಜಿ. ಸೀರೆಗೆ ಎರಡು ರೇಟು. ರೊಕ್ಕದ ರೇಟು ನಲವತ್ತು ಎಂದರೆ ಕಾರ್ಡಿನ ರೇಟು ಐವತ್ತು. ರೊಕ್ಕದ ರೇಟಿಗೆ ಕೊಂಡವರನ್ನು ನಮ್ಮ ಓಣಿಯಲ್ಲಿ ನಾನು ನೋಡಿರಲಿಲ್ಲ. ಕಾರ್ಡು ಇದೆ ಎಂದರೆ ಕಾಕಾನ ಲೆಕ್ಕದಲ್ಲಿ ನೀವು ಖಾತ್ರಿಯ ಮನುಷ್ಯರು, ಅಷ್ಟೇ. ಅದೊಂದು ಹೆಮ್ಮೆಯೇ ಆಗಿತ್ತು ನಮಗೆ.

ಹೀಗಿರುವಾಗ ಯಲಬುರ್ಗಾದಲ್ಲಿ ನನ್ನ ತಂಗಿಯ ಮದುವೆ ಗೊತ್ತಾಯಿತು. ನಾನು ಎರಡನೆಯವಳು. ದೊಡ್ಡಕ್ಕನನ್ನು ನವಲಿಯ ಕಡೆ ಕೊಟ್ಟಿದ್ದರು; ಕಾಲುವೆ ನೀರಿನ ಗದ್ದೆ, ವರ್ಷಕ್ಕೆ ಎರಡು ಪೀಕು ಭತ್ತ. ಅಕ್ಕ ಒಳ್ಳೆಯವಳೇ. ಆದರೆ ಅವಳ ಕೈಬಳೆಗಳ ಸದ್ದಿಗೇ ನನ್ನ ಹೊಟ್ಟೆಯಲ್ಲಿ ಉರಿ ಏಳುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನಮ್ಮಲ್ಲಿ ಮದುವೆಯಲ್ಲಿ ಆಯೇರಿ ಮಾಡುವುದೆಂದರೆ ಚಾಪೆಯ ಮೇಲೆ ಹತ್ತೂರಿನ ಜನ ಕೂತಿರುವಾಗ, ಯಾರು ಯಾರಿಗೆ ಏನು ಕೊಟ್ಟರು ಎಂದು ಒಬ್ಬರು ಎದ್ದು ನಿಂತು ಕೂಗುತ್ತಾರೆ. ಮುಚ್ಚಿಡುವ ಹಾಗಿಲ್ಲ. ಮಾತುಕತೆಯ ದಿನ ಅಕ್ಕ, "ನಾ ಹುಡುಗಗ ವಾಚು ಕಟ್ತೀನಿ" ಅಂದಳು. ನನ್ನ ನಾಲಗೆ ನನ್ನನ್ನು ಕೇಳಲೇ ಇಲ್ಲ. "ನಾ ಉಂಗುರ ಹಾಕ್ತೀನಿ" ಎಂದುಬಿಟ್ಟೆ. ನನ್ನ ತಾಯಿ ತಟ್ಟನೆ ನನ್ನ ಮುಖ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಉಂಗುರಕ್ಕೆ ನೂರೈವತ್ತು ರೂಪಾಯಿ. ನಮ್ಮ ಮನೆಯವರ ಸಂಬಳ ಮುನ್ನೂರರ ಆಚೆ ಈಚೆ, ಅದೂ ನೇರವಾಗಿ ಅತ್ತೆಯ ಕೈಗೆ. ಅತ್ತೆಯನ್ನು ಕೇಳಬಹುದಿತ್ತು. ಸಿಡುಕುತ್ತಿದ್ದರು, ಆದರೆ ಏನಾದರೂ ದಾರಿ ಹುಡುಕುತ್ತಿದ್ದರು. ತವರಿನಲ್ಲಿ ಜಂಬ ಕೊಚ್ಚಿ ಬಂದು ಗಂಡನ ಮನೆಯಲ್ಲಿ ಕೈ ಚಾಚುವುದು ಹೇಗೆ ಎಂದು ನಾನೇ ಹಿಂಜರಿದೆ. ನಾಲ್ಕು ದಿನ ತಲೆ ಓಡಿಸಿದೆ. ಐದನೇ ದಿನ ಒಂದು ಉಪಾಯ ಹೊಳೆಯಿತು. ನನ್ನಷ್ಟು ಜಾಣೆ ಮೂರು ತಾಲೂಕಿನಲ್ಲಿ ಇಲ್ಲ ಎನಿಸಿಬಿಟ್ಟಿತು.

ಮುಂದಿನ ತಿಂಗಳು ಕಾಕಾ ಬಂದಾಗ ಅತ್ತೆ ಇರಕಲ್ಲಗಡದಲ್ಲಿ ತಮ್ಮ ತಂಗಿಯ ಮನೆಗೆ ಹೋಗಿದ್ದರು. ಗಂಟು ಕಟ್ಟುವ ಹೊತ್ತಿಗೆ ಕಾಕಾನನ್ನು ಪಕ್ಕಕ್ಕೆ ಕರೆದು ಹೇಳಿದೆ, "ಕಾಕಾ, ಬಾವಿಮನಿಯಾಕಿ, ಕಂದೀಲ ಮನಿಯಾಕಿ, ಹುಣಸಿಗಿಡದ ಮನಿಯಾಕಿ, ಮೂರೂ ಮಂದಿಗೆ ಇಳಕಲ್ ಸೀರಿ ಬೇಕಂತ್ರಿ. ಗಂಡಂದ್ರಿಗೆ ಗೊತ್ತಾಗಬಾರದಂತ. ಕಂತು ನನ್ನ ಕೈಯಾಗ ಕೊಡ್ತಾರ, ನಾ ನಿಮಗ ಮುಟ್ಟಸ್ತೀನಿ." ಕಾಕಾ ಒಂದು ಗಳಿಗೆಯೂ ಯೋಚಿಸಲಿಲ್ಲ. "ನಿನ್ನ ಜಬಾನ್ ಐತಲ್ಲ ಬೇಟಿ, ಸಾಕು. ನನಗೂ ಮಗ್ಗದವರು ಹಂಗ ಬರೇ ಮಾತಿನ ಮ್ಯಾಲ ಮಾಲು ಕೊಡ್ತಾರ" ಎಂದು ಮೂರು ಕಾರ್ಡು ತೆಗೆದು, ಬಾವಿ, ಕಂದೀಲು, ಮರ ಬರೆದು ನನ್ನ ಕೈಗಿತ್ತರು. ಸೀರೆ ಒಂದಕ್ಕೆ ಎಂಬತ್ತು, ತಿಂಗಳಿಗೆ ಎಂಟು ರೂಪಾಯಿ.

ಆ ಮೂರು ಸೀರೆಗಳನ್ನು ಪೇಟೆಯ ಕಡೆ ಇದ್ದ ಒಬ್ಬ ಹೆಂಗಸಿಗೆ ಮಾರಿದೆ. ಅವಳು ಇಂಥ ಕಷ್ಟದ ಸಾಮಾನು ಕೊಳ್ಳುವುದರಲ್ಲೇ ಪಳಗಿದವಳು. ಮುಟ್ಟಿ ನೋಡಿ, ಸೆರಗಿನಲ್ಲಿ ಇಲ್ಲದ ಒಂದು ಹುಳುಕು ಹುಡುಕಿ, ಐವತ್ತರಂತೆ ಎಣಿಸಿದಳು. ಸರಿಯಾಗಿ ನೂರೈವತ್ತು. ನೂರೈವತ್ತು ರೂಪಾಯಿಗೆ ನಾನು ಇನ್ನೂರ ನಲವತ್ತು ಕಟ್ಟಬೇಕು ಎಂಬುದು ಆಗ ನನ್ನ ತಲೆಗೇ ಬರಲಿಲ್ಲ. ತಿಂಗಳಿಗೆ ಇಪ್ಪತ್ತನಾಲ್ಕು ತಾನೇ, ಹಾಲಿನಲ್ಲಿ, ಎಣ್ಣೆಯಲ್ಲಿ ಉಳಿಸಿದರಾಯಿತು ಅಂದುಕೊಂಡೆ.

ಮದುವೆಯಲ್ಲಿ, "ಕೊಪ್ಪಳದ ಅಕ್ಕಂದು, ಬಂಗಾರದ ಉಂಗುರ" ಎಂದು ಕೂಗಿದಾಗ ನನ್ನ ಕಿವಿ ತಂಪಾಯಿತು. ಅಕ್ಕನ ಮುಖ ಸಣ್ಣದಾಯಿತು. ಆ ಖುಷಿ ಎಷ್ಟು ಹೊತ್ತು ಇತ್ತು ಎಂದು ಕೇಳಿದರೆ, ಊಟದ ಎಲೆ ಎತ್ತುವವರೆಗೆ ಇತ್ತು. ಕೈ ತೊಳೆಯುವಾಗಲೇ ಮುಂದಿನ ಕಂತಿನ ನೆನಪಾಗಿತ್ತು.

ಮೊದಲ ತಿಂಗಳು ಹೇಗೋ ಕೊಟ್ಟೆ. ಎರಡನೇ ತಿಂಗಳಿಗೆ ಕೈ ಬರಿದು. ಆಗ ಮಾಡಿದ್ದು ಇನ್ನೂ ದೊಡ್ಡ ಜಾಣತನ. ನಮ್ಮ ಮನೆಯ ಸೂಜಿ ಗುರುತಿನಲ್ಲೇ ಇನ್ನೊಂದು ಇಳಕಲ್ ಸೀರೆ ಕಾರ್ಡಿನ ಮೇಲೆ ತೆಗೆದುಕೊಂಡೆ. ಅದನ್ನೂ ಆ ಪೇಟೆಯವಳಿಗೇ ಐವತ್ತಕ್ಕೆ ಹಾಕಿ, ಅದೇ ದುಡ್ಡಿನಲ್ಲಿ ಕಾಕಾನ ಕಂತು ಕಟ್ಟಿದೆ. ಅವರ ಸೀರೆ ಮಾರಿ ಅವರಿಗೇ ಕೊಟ್ಟದ್ದು! ಅತ್ತೆ ಚಹಾ ಮಾಡಲು ಒಳಗೆ ಹೋದ ಹೊತ್ತು ನೋಡಿ ಕಂತು ಕೊಡುತ್ತಿದ್ದೆ; ಕಾಕಾ ಪ್ರತಿ ಸಲವೂ, "ಶಾಬಾಸ್ ಬೇಟಿ, ಮೂರೂ ಮನಿದು ವ್ಯಾಳ್ಯಾಕ್ಕ ಸರಿಯಾಗಿ ತಂದಿ" ಎಂದು ಗೆರೆ ಎಳೆಯುತ್ತಿದ್ದರು. ಮೂರನೇ ತಿಂಗಳಿಗೆ ಆ ದುಡ್ಡೂ ಕರಗಿತು. ನಾನು ನೀರಿಗೆ ಹೋದಾಗ ಬಾವಿಮನೆಯಾಕೆ ನಕ್ಕು ಮಾತಾಡಿಸಿದರೆ, ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಡುತ್ತಿದ್ದೆ. ಕಾಕಾ ಯಾವತ್ತಾದರೂ ಆ ಮನೆಗಳ ಬಾಗಿಲಿಗೆ ಹೋಗಿ ಕೇಳಿದರೆ ಮುಗಿಯಿತು. ನಾನು ಆ ಓಣಿಯಲ್ಲಿ ಮತ್ತೆ ಮುಖ ಎತ್ತುವ ಹಾಗಿರಲಿಲ್ಲ. ಗಂಡಂದಿರಿಗೆ ಕದ್ದು ಸೀರೆ ಕೊಂಡರೆಂದು ಆ ಮೂವರ ಮೇಲೆ ನಾನು ಕಟ್ಟಿದ ಸುಳ್ಳು ಬೇರೆ ಇತ್ತಲ್ಲ.

ನಾಲ್ಕನೇ ತಿಂಗಳು ಸೈಕಲ್ ಗಂಟೆ ಕೇಳಿದ್ದೇ ತಡ, ಕೈಯಲ್ಲಿದ್ದ ಹಿಟ್ಟು ಹಾಗೇ ಬಿಟ್ಟು ಅತ್ತೆಯ ಹತ್ತಿರ ಓಡಿದೆ. "ಅತ್ತಿ, ಕಾಕಾ ಕೇಳಿದ್ರ ನಾ ಯಲಬುರ್ಗಾಕ್ಕ ಹೋಗೀನಿ ಅಂತ ಹೇಳ್ರಿ."

"ಯಾಕ?"

"ಆಮ್ಯಾಲ ಹೇಳ್ತೀನ್ರಿ" ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಹಂಡೆಯ ಪಕ್ಕ ಕೂತೆ.

ಅತ್ತೆ ಹಾಗೆಂದು ಹೇಳಲೂ ಇಲ್ಲ, ಹೇಳದೆಯೂ ಇರಲಿಲ್ಲ. ಕಾಕಾ "ಬೇಟಿ ಎಲ್ಲಿ ಅವ್ವಾರ?" ಎಂದು ಕೇಳಿದ್ದು, ಅತ್ತೆ "ಕುಂದರ್ರಿ, ನೀರು ಕುಡೀರಿ" ಎಂದದ್ದು ನನಗೆ ಒಳಗೆ ಕೇಳುತ್ತಿತ್ತು. ಅವತ್ತು ಓಣಿಯ ಹೆಂಗಸರು ಯಾರೂ ಇನ್ನೂ ಬಂದಿರಲಿಲ್ಲ. ಅದೊಂದೇ ನನ್ನ ಪುಣ್ಯ.

"ಬಾವಿಮನಿ, ಕಂದೀಲ ಮನಿ, ಹುಣಸಿಗಿಡದ ಮನಿ, ಮೂರೂ ಕಂತು ಬರಬೇಕ್ರಿ" ಎಂದರು ಕಾಕಾ. "ಬೇಟಿನ ವಸೂಲ ಮಾಡಿ ಕೊಡ್ತಿದ್ಲು. ಅಕಿ ಇಲ್ಲಂದ್ರ ನಾನ ಹೋಗಿ ಕೇಳಿ ಬರ್ತೀನಿ ತಗೋರಿ. ಮಗ್ಗದವರಿಗೆ ನಾಳೆ ಕೊಡಬೇಕಾಗೈತಿ." ಅವರು ಚಪ್ಪಲಿ ಮೆಟ್ಟಿಕೊಂಡ ಸದ್ದಾಯಿತು.

"ತಡೀರಿ ಕಾಕಾ" ಎಂದರು ಅತ್ತೆ. "ಬಾವಿಮನಿಯಾಕಿ ಇಳಕಲ್ ಸೀರಿ ತಗೊಂಡಾಳೇನ್ರಿ? ಮೊನ್ನೆ ಬಸರಿ ಹೆಣಮಗಳ ಕುಬಸಕ್ಕ ಹೋಗಾಕ ನನ್ನ ಸೀರಿ ಕೇಳಿ ಉಟಗೊಂಡು ಹೋದ್ಲಲ್ಲ."

ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ನನ್ನಂಥವರನ್ನು ಓದಲು ಅವರಿಗೆ ಅಕ್ಷರ ಬೇಕಿರಲಿಲ್ಲ. "ಏಯ್, ಬಚ್ಚಲದಾಗ ಕುಂತಾಕಿ, ಹೊರಗ ಬಾ" ಎಂದು ಕೂಗಿದರು.

ಬಂದೆ. ಸೀರೆಯ ಅಂಚು ತೊಯ್ದು ನೀರು ಸೋರುತ್ತಿತ್ತು, ಕೈಯಲ್ಲಿ ಹಿಟ್ಟು ಒಣಗಿತ್ತು. ಅತ್ತೆ ಕಾಕಾನ ಕಡೆ ಕೈ ತೋರಿಸಿ, "ನನಗ ಹೇಳಬ್ಯಾಡ. ಅವರಿಗೆ ಹೇಳು" ಎಂದರು. ಹೇಳಿದೆ. ಉಂಗುರದಿಂದ ಹಿಡಿದು ಪೇಟೆಯ ಹೆಂಗಸಿನವರೆಗೆ ಎಲ್ಲ ಹೇಳಿದೆ. ಅಳಬಾರದು ಅಂದುಕೊಂಡಿದ್ದೆ, ಅತ್ತುಬಿಟ್ಟೆ. ಅತ್ತೆಯ ಮುಂದೆ ಅತ್ತದ್ದು ಹೋಗಲಿ. ಕಾಕಾನ ಮುಂದೆ ಅತ್ತದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಕಾಕಾ ಬೈಯಲಿಲ್ಲ. "ಯಾಕ ಬೇಟಿ, ನನ್ನ ಕೇಳಬೇಕಿತ್ತಲ್ಲ?" ಎಂದರು.

"ನೀವು ರೊಕ್ಕ ಕೊಡೂದಿಲ್ಲಲ್ರಿ ಕಾಕಾ."

"ನೀ ಕೇಳಲಿಲ್ಲಲ್ಲ" ಎಂದರು ಕಾಕಾ.

ಆಮೇಲೆ ಕಾರ್ಡುಗಳನ್ನು ತರಲು ಹೇಳಿದರು. ಜೋಳದ ಡಬ್ಬಿಯಿಂದ ತಂದುಕೊಟ್ಟೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೊದಲು ಬಾವಿಗೆ ಗೀಟು ಹಾಕಿದರು, ಆಮೇಲೆ ಕಂದೀಲಿಗೆ, ಆಮೇಲೆ ಮರಕ್ಕೆ. ಮೂರರ ಪಕ್ಕದಲ್ಲೂ ಒಂದೊಂದು ಸೂಜಿ ಬರೆದರು. ಆ ಮೂರು ಮನೆಗಳಿಗೆ ಈ ವಿಷಯ ಅವರ ಬಾಯಿಂದ ಎಂದೂ ಹೋಗಲಿಲ್ಲ.

ಅತ್ತೆ ಬೆರಳು ಮಡಿಚಿ ಲೆಕ್ಕ ಹಾಕಿದರು. ಕಟ್ಟಿದ್ದು ಎಂಬತ್ತು ರೂಪಾಯಿ. ಇನ್ನೂ ಕಟ್ಟಬೇಕಾದ್ದು ಇನ್ನೂರ ನಲವತ್ತು. "ಮೂರು ತಿಂಗಳ ಕಟ್ಟಿ ಮೊದಲಿದ್ದಲ್ಲೇ ಬಂದು ನಿಂತೀಯಲ್ಲವ್ವಾ" ಎಂದರು. ಅತ್ತೆಯ ಟ್ರಂಕಿನಲ್ಲಿ ದುಡ್ಡಿತ್ತು, ನನಗೆ ಗೊತ್ತಿತ್ತು. ನನ್ನ ಕಣ್ಣು ಅತ್ತ ಹೋದದ್ದು ಅವರಿಗೂ ತಿಳಿಯಿತು. "ನಾ ಕೊಡಾಂಗಿಲ್ಲ. ಕೊಟ್ರ ಇವತ್ತ ಮುಗದು ಹೋಗ್ತೈತಿ, ನಾಳೆ ನಿನಗ ಏನೂ ಆಗೇ ಇಲ್ಲ ಅನಸ್ತೈತಿ. ಸೂಜಿ ಹಿಡಿ. ಇಬ್ಬರೂ ಕುಂತು ಕೌದಿ ಹೊಲಿಯೋಣು." ಕೌದಿ ಒಂದಕ್ಕೆ ಹನ್ನೆರಡು ರೂಪಾಯಿ. ತಿಂಗಳಿಗೆ ಎರಡು ಹೊಲಿದರೆ ಹತ್ತು ತಿಂಗಳಿಗೆ ತೀರುತ್ತದೆ. ಗಿರಾಕಿಗಳನ್ನು ಹುಡುಕಿದ್ದು ಯಾರು ಎಂದರೆ ಕಾಕಾನೇ. ಗಂಗಾವತಿಯ ಕಾಲುವೆ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿದ್ದವಲ್ಲ, ಅಲ್ಲಿನ ಮನೆಗಳಿಂದ ಹಳೆಯ ಸೀರೆ ತಂದು ಕೊಡುತ್ತಿದ್ದರು, ಮುಂದಿನ ತಿಂಗಳು ಕೌದಿ ಒಯ್ಯುತ್ತಿದ್ದರು.

ಆ ಹತ್ತು ತಿಂಗಳು ನನಗೆ ಶಿಕ್ಷೆ ಎಂದುಕೊಂಡು ಶುರು ಮಾಡಿದ್ದು. ಈಗ ಕಣ್ಣು ಮುಚ್ಚಿದರೆ ಆ ಮಧ್ಯಾಹ್ನಗಳೇ ಬೇಕೆನಿಸುತ್ತವೆ. ಪಡಸಾಲೆಯ ನೆಲದ ಮೇಲೆ ಸೀರೆಗಳನ್ನು ಹಾಸಿ, ಅತ್ತೆ ಒಂದು ಅಂಚಿನಿಂದ, ನಾನು ಇನ್ನೊಂದು ಅಂಚಿನಿಂದ ಹೊಲಿಯುತ್ತಾ ಬರುತ್ತಿದ್ದೆವು. ನನ್ನ ಹೊಲಿಗೆ ಮೊದಮೊದಲು ಕುಡಿದವನ ನಡಿಗೆಯಂತೆ ಇತ್ತು. ಅತ್ತೆ ಬಿಚ್ಚಿಸಿ ಬಿಚ್ಚಿಸಿ ಹಾಕಿಸಿದರು. ಹೊಲಿಯುತ್ತಲೇ ತಮ್ಮ ಕಥೆ ಹೇಳಿದರು. ಮಾವ ತೀರಿಕೊಂಡಾಗ ಅವರಿಗೆ ಇಪ್ಪತ್ತಾರು ವರ್ಷವಂತೆ. ಮಗನ ಶಾಲೆಯ ಖರ್ಚಿಗೆ ಅಂಗಡಿಯಲ್ಲಿ ಉದ್ರಿ ಕೇಳಿದಾಗ, ಗಂಡಸರಿಲ್ಲದ ಮನೆಗೆ ಉದ್ರಿ ಕೊಡುವುದಿಲ್ಲ ಎಂದರಂತೆ. ಅವತ್ತಿನಿಂದ ಸೂಜಿ ಹಿಡಿದದ್ದು. "ಕಾಕಾ ಬಂದು ಮೊದಲ ಸಲ ಕಾರ್ಡು ಕೊಟ್ಟಾಗ ನಾ ಅತ್ತಿದ್ದೆ ನೋಡು. ನನ್ನ ಮಾತಿಗೂ ಒಂದು ಬೆಲಿ ಐತಿ ಅಂತ ಅವರು ತೋರಿಸಿದ್ರು" ಎಂದರು. ನಾನು ತಲೆ ಎತ್ತಲಿಲ್ಲ. ಬೆರಳಿಗೆ ಸೂಜಿ ಚುಚ್ಚಿದರೂ ಎತ್ತಲಿಲ್ಲ. ಅತ್ತೆಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಹತ್ತು ತಿಂಗಳಲ್ಲಿ. ಅದಕ್ಕೆ ಮೊದಲಿನ ಮೂರು ವರ್ಷದಲ್ಲಿ ಇದ್ದದ್ದು ಬರೀ ಭಯ.

ಕಾಕಾನಿಗೆ ಮಾತ್ರ ನನ್ನಿಂದ ಆದ ಪೆಟ್ಟು ಸಣ್ಣದಲ್ಲ. ಮುಂದಿನ ತಿಂಗಳು ಅವರ ಗಂಟು ಅರ್ಧಕ್ಕೆ ಇಳಿದಿತ್ತು. ಅಡಿಯಲ್ಲಿ ಪಂಚೆ ಸುತ್ತಿದ ಇಳಕಲ್ ಸೀರೆಗಳೇ ಇರಲಿಲ್ಲ. ಓಣಿಯವರು ಕೇಳಿದಾಗ, "ಮಗ್ಗದ ಕೆಲಸ ನಿಂತೈತ್ರಿ" ಎಂದರು. ಯಾಕೆ ನಿಂತಿದೆ ಎಂದು ನನಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು. ವಾಯಿದೆ ತಪ್ಪಿದವರಿಗೆ ಮಗ್ಗದವರು ಮಾಲು ಕೊಡುವುದಿಲ್ಲ. ನಾಲ್ಕೈದು ತಿಂಗಳು ಅವರು ಬರೀ ಗಿರಣಿ ಸೀರೆ, ಟವೆಲ್ಲು ಮಾರಿಕೊಂಡು ಓಡಾಡಿದರು.

ಹತ್ತನೇ ತಿಂಗಳು ಕೊನೆಯ ಎರಡು ಕೌದಿ ಕೊಟ್ಟೆವು. ಕಾಕಾ ಉಳಿದ ಚೌಕಗಳಿಗೆಲ್ಲ ಗೆರೆ ಎಳೆದು ನಾಲ್ಕೂ ಕಾರ್ಡನ್ನು ಅತ್ತೆಯ ಕೈಗೆ ಕೊಟ್ಟರು. ಅಷ್ಟರಲ್ಲಿ ಓಣಿಯ ಹೆಂಗಸರು ಬಂದು ಸೇರಿದರು. ಗಂಟು ಮತ್ತೆ ದೊಡ್ಡದಾಗಿತ್ತು. ಬಾವಿಮನೆಯಾಕೆ ಹುಟ್ಟಿದ ಮೇಲೆ ಮೊದಲ ಸಲ ಧೈರ್ಯ ಮಾಡಿ ಒಂದು ಇಳಕಲ್ ಸೀರೆ ಆರಿಸಿದಳು. ಕಾಕಾ ಅವಳಿಗೆ ಕಾರ್ಡು ಬರೆದುಕೊಟ್ಟರು. ಕಂದೀಲ ಮನೆಯಾಕೆಗೂ ಒಂದು ಬರೆದರು. ನನಗೂ ಒಂದು ಹಸಿರು ಗಿರಣಿ ಸೀರೆಯ ಮೇಲೆ ಕಣ್ಣು ಬಿತ್ತು. ಸಾಲ ತೀರಿದ ಹಗುರದಲ್ಲಿದ್ದೆ. ಎಲ್ಲರ ಹಾಗೆ ನಾನೂ ಕೈ ಚಾಚಿ, "ಕಾಕಾ, ನನಗೂ ಒಂದು ಕಾರ್ಡು ಬರೀರಿ" ಎಂದೆ.

ಕಾಕಾ ಕೈಯಲ್ಲಿದ್ದ ಪೆನ್ಸಿಲ್ಲನ್ನು ಕಿವಿಯ ಮೇಲೆ ಇಟ್ಟುಕೊಂಡರು. "ನಿನಗ ರೊಕ್ಕದ ರೇಟು ಹಚ್ಚೀನಿ ಬೇಟಿ" ಎಂದು ಮೆಲ್ಲಗೆ ಹೇಳಿದರು. "ಐವತ್ತು ಬ್ಯಾಡ. ನಲವತ್ತು ಕೊಡು."

ನಾನು ಅತ್ತೆಯ ಮುಖ ನೋಡಿದೆ. ಅವರು ಸೊಂಟದ ಸಂಚಿ ಬಿಚ್ಚಿ ನಾಲ್ಕು ಹತ್ತರ ನೋಟು ನನ್ನ ಅಂಗೈಯಲ್ಲಿ ಇಟ್ಟರು. ನಾನು ಕಾಕಾನಿಗೆ ಕೊಟ್ಟೆ. ಅವರು ಸೀರೆ ಮಡಿಚಿ ನನ್ನ ಮಡಿಲಿಗೆ ಹಾಕಿದರು.

"ಯವ್ವಾ, ಈಕಿಗೊಬ್ಬಾಕಿಗೆ ಹತ್ತು ರೂಪಾಯಿ ಕಡಿಮಿ ಮಾಡಿ ಕೊಟ್ರು ನೋಡ್ರಿ!" ಎಂದಳು ಬಾವಿಮನೆಯಾಕೆ. "ಕಾಕಾಗ ಈಕಿ ಅಂದ್ರ ಭಾಳ ಜೀವ." ಎಲ್ಲರೂ ನಕ್ಕರು, ಕಾಕಾನೂ ನಕ್ಕರು. ನಾನೂ ನಗಬೇಕಾಯಿತು.

ಎಂಬತ್ತರ ದಶಕ ಅರ್ಧ ಕಳೆಯುವವರೆಗೆ ಕಾಕಾ ನಮ್ಮ ಓಣಿಗೆ ಬಂದರು. ಪ್ರತಿ ಸಲ ನಾನು ಪೂರಾ ರೊಕ್ಕ ಎಣಿಸಿ ಕೊಟ್ಟು, ಎಲ್ಲರಿಗಿಂತ ಅಗ್ಗಕ್ಕೆ ಸೀರೆ ತೆಗೆದುಕೊಂಡೆ. ಒಂದು ಸಲವಾದರೂ "ಕಾರ್ಡಿನ ಮ್ಯಾಲ ತಗೋ ಬೇಟಿ" ಎಂದಾರು ಎಂದು ಕಾದೆ. ಅವರು ಅನ್ನಲಿಲ್ಲ. ಮತ್ತೆ ಕೇಳಲು ನನಗೆ ಬಾಯಿ ಬರಲಿಲ್ಲ.